ಒಂಬತ್ತು ಗಂಟೆಯ ಹಾಜರಿ

ಬೆಳಗ್ಗೆ ಒಂಬತ್ತಕ್ಕೆ ಸರಿಯಾಗಿ ಫೋನ್ ಬಂತು. ಯಾರದೆಂದು ಅನ್ನಪೂರ್ಣ ಕೇಳಬೇಕಾಗಿರಲಿಲ್ಲ.

"ಮೇಡಂ, ತ್ಯಾಗರಾಜನಗರದಿಂದ ಜಯಸಿಂಹ. ಹಾಜರ್!"

"ಫೋನ್ ಮಾಡಬ್ಯಾಡ್ರಿ ಅಂತ ಎಷ್ಟ್ ಸಲ ಹೇಳ್ಬೇಕ್ರೀ ನಿಮಗ? ಸಾಫ್ಟ್‌ವೇರ್‌ನಾಗ ಹಾಜರಿ ಒತ್ರಿ."

"ಪಾಸ್‌ವರ್ಡ್ ಮರ್ತೋಯ್ತು ಮೇಡಂ."

ಒಂದೇ ತಿಂಗಳಲ್ಲಿ ಇದು ಏಳನೆಯ ಮರೆವು!

ಬೆಂಗಳೂರಿನ ಜಯನಗರದಲ್ಲಿದ್ದ ಅವಳ ಕಂಪನಿಗೆ ಮನೆಯಿಂದಲೇ ದುಡಿಯುವವರು ನಲವತ್ತು ಮಂದಿ. ಅಮೆರಿಕದ ಡಾಕ್ಟರುಗಳ ಮಾತನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪ್ ಮಾಡುವ ಕೆಲಸ. ಹಾಜರಿ, ರಜೆ ಎಲ್ಲ ಫೋನಿನಲ್ಲೇ ನಡೆಯುತ್ತಿತ್ತು. 2006ರಲ್ಲಿ ಅದಕ್ಕೊಂದು ಸಾಫ್ಟ್‌ವೇರ್ ಬಂತು. ತಿಂಗಳೊಳಗೆ ನಲವತ್ತೂ ಮಂದಿಯನ್ನು ಅದಕ್ಕೆ ಒಗ್ಗಿಸಿದರೆ ಮಾತ್ರ ಎಚ್‌ಆರ್‌ನ ಅನ್ನಪೂರ್ಣಳ ಕೆಲಸ ಕಾಯಂ. ಇಲ್ಲವಾದರೆ ಬಿಟಿಎಂ ಲೇಔಟಿನ ಬಾಡಿಗೆ ರೂಮು ಖಾಲಿ ಮಾಡಿ ಗದಗಿನ ಬಸ್ಸು ಹತ್ತಬೇಕು. ಮೂವತ್ತೊಂಬತ್ತು ಮಂದಿ ಒಗ್ಗಿದ್ದರು. ಇವನೊಬ್ಬ ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಅವನ ಮುಖ ಅವಳು ಕಂಡದ್ದು ಫೈಲಿನ ಫೋಟೊದಲ್ಲಿ ಮಾತ್ರ. ಹಲ್ಲುನೋವು ಬಂದವನ ಹಾಗಿದ್ದ. ಆ ಮುಖದಿಂದ ಇಂಥ ಹುರುಪಿನ ದನಿ ಹೇಗೆ ಬರುತ್ತದೋ ಎಂದು ದಿನವೂ ಅನಿಸುತ್ತಿತ್ತು.

"ನಾಳೆ ಕಡೀ ದಿನ. ನೀವು ಒತ್ತಲಿಲ್ಲಂದ್ರ ನನ್ನ ಕೆಲಸ ಹೋಗ್ತೈತ್ರಿ," ಎಂದಳು.

ಆ ಕಡೆ ಹೆಡ್‌ಫೋನ್ ಕೆಳಗಿಟ್ಟ ಸದ್ದಾಯಿತು.

"ಮೊದ್ಲೇ ಹೇಳ್ಬಾರ್ದಿತ್ತಾ ಮೇಡಂ? ಪಾಸ್‌ವರ್ಡ್ ಮರ್ತಿಲ್ಲ. ದಿನವಿಡೀ ಡಾಕ್ಟರ್‌ಗಳ ಗೊಣಗಾಟ ಕೇಳೋನು ನಾನು. ಒಂಬತ್ತಕ್ಕೆ ನಿಮ್ಮತ್ರ ಬೈಸ್ಕೊಂಡ್ರೆ ದಿನ ಚೆನ್ನಾಗಿರುತ್ತೆ ಅಂತ..." ಫೋನ್ ಇಟ್ಟುಬಿಟ್ಟ.

ಮರುಕ್ಷಣ ಪರದೆಯ ಮೇಲೆ ನಲವತ್ತನೆಯ ಹೆಸರು ಹಸಿರಾಯಿತು.

ಕೆಲಸ ಕಾಯಂ ಆಯಿತು. ಅನ್ನಪೂರ್ಣ ಆಫೀಸಿಗೆಲ್ಲ ಮೈಸೂರ್‌ಪಾಕ್ ಹಂಚಿದಳು. ಆದರೆ ಒಂಬತ್ತಕ್ಕೆ ಫೋನ್ ಬಾಯಿ ಬಿಡುತ್ತಿರಲಿಲ್ಲ. ಅವನ ಹೆಸರು ಮಾತ್ರ ತಪ್ಪದೆ ಹಸಿರಾಗುತ್ತಿತ್ತು. ತಾನೇ ಬೇಡವೆಂದ ಫೋನಿಗೆ ತಾನೇ ಕಾಯುತ್ತಿದ್ದೇನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಅವನ ದನಿಯಿಲ್ಲದೆ ಬೆಳಗೇ ಶುರುವಾಗುತ್ತಿರಲಿಲ್ಲ, ಅದು ನಿಜ.

ಹತ್ತನೆಯ ದಿನ ಅವನ ರಜೆ ಅರ್ಜಿ ಬಂತು. ಶನಿವಾರ, ಅರ್ಧ ದಿನ. ಕಾರಣವನ್ನು ಕನ್ನಡದಲ್ಲೇ, ಇಂಗ್ಲಿಷ್ ಅಕ್ಷರ ಬಳಸಿ ಬರೆದಿದ್ದ: 'ಯಡಿಯೂರು ಕೆರೆ ಹತ್ತಿರ ನಿಮಗಾಗಿ ಕಾಯಬೇಕು. ಬಂದು ಬೈದರೂ ಸರಿ.'

ಅವಳು ಎರಡು ಸಲ ಓದಿದಳು. ಒಪ್ಪಿಗೆ ಒತ್ತಲು ಹೋದ ಬೆರಳು ಹಿಂದೆ ಬಂತು. ರಿಜೆಕ್ಟ್ ಒತ್ತಿ, ಕೆಳಗೆ ಬರೆದಳು: 'ಇಂಥಾ ರಜಾ ಫೋನ್ ಮಾಡೇ ಕೇಳಬೇಕ್ರಿ.'

ಅರ್ಧ ನಿಮಿಷವೂ ಆಗಿರಲಿಲ್ಲ, ಫೋನ್ ಹೊಡೆದುಕೊಂಡಿತು.

"ಮೇಡಂ, ತ್ಯಾಗರಾಜನಗರದಿಂದ..."

"ಗೊತ್ತೈತ್ರಿ," ಎಂದಳು ಅನ್ನಪೂರ್ಣ. "ಎಷ್ಟಕ್ಕ ಬರ್ಲಿ, ಅದನ್ ಹೇಳ್ರಿ."