ಬಾಡಿಗೆ ಮನೆಯ ಬೂದುಗುಂಬಳ

“ಮನೆ ಚೆನ್ನಾಗಿದೆಯೋ ಇಲ್ವೋ ಅದೆಲ್ಲ ಆಮೇಲೆ. ಮೊದಲು ಆ ಕುಂಬಳಕಾಯಿ ಕಟ್ಟಿದೋರು ಯಾರು, ಹೋಗುವಾಗ ಯಾಕೆ ಬಿಚ್ಕೊಂಡು ಹೋಗ್ಲಿಲ್ಲ, ಅದನ್ನ ಕೇಳು ಪ್ರಸೂನಾ.”

ನಾಗಮಣಿ ಇದನ್ನು ಪಿಸುಮಾತಿನಲ್ಲಿ ಹೇಳಿದಳು. ನಾಲ್ಕನೇ ಮಹಡಿಯ ಆ ಖಾಲಿ ಮನೆಯ ಹೊಸ್ತಿಲು ದಾಟದೆ ಮೆಟ್ಟಿಲ ಹತ್ತಿರವೇ ನಿಂತಿದ್ದಳು. ವಿಶಾಖಪಟ್ಟಣದಲ್ಲಿ ದೃಷ್ಟಿಗೆಂದು ಬೂದುಗುಂಬಳ ಕಟ್ಟದ ಬಾಗಿಲು ಯಾವುದಿದೆ? ಆದರೆ ಮನೆ ಬಿಡುವವರು ತಾವು ಕಟ್ಟಿದ್ದನ್ನು ತಾವೇ ಬಿಚ್ಚಿ, ಹರಿಯುವ ನೀರಿಗೆ ಹಾಕಿ ಹೋಗಬೇಕು. ಕಟ್ಟಿದ ಕೈಯೇ ಬಿಚ್ಚಬೇಕು. ಇದೊಂದು ಮಾತ್ರ ಬೀಗ ಜಡಿದ ಮನೆಯ ಮುಂದೆ ವರ್ಷದಿಂದ ತೂಗುತ್ತಿತ್ತು. ಒಂದಿಷ್ಟೂ ಕೊಳೆತಿರಲಿಲ್ಲ. ಮೈತುಂಬ ಬಿಳಿ ಬೂದಿ ಹೊತ್ತು, ಗಾಳಿಯಿಲ್ಲದಿದ್ದರೂ ಮೆಲ್ಲಗೆ ತಿರುಗುತ್ತಿತ್ತು.

ಪ್ರಸೂನ ನಕ್ಕುಬಿಟ್ಟಳು. “ನೀವಿರೋದು ಮೂರನೇ ಮಹಡಿ, ನಾನು ಬರೋದು ನಾಲ್ಕನೇದು. ಸಮುದ್ರ ಬೇರೆ ಕಾಣುತ್ತೆ. ಅದಕ್ಕೇ ತಾನೇ ಅಕ್ಕ ಈ ಸಂಕಟ?”

ನಾಗಮಣಿ ಅವಳ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ನೂರು ಜುಟ್ಟು ಒಂದು ಕಡೆ ಇದ್ದಾವು, ಎರಡು ಜಡೆ ಇರಲಾರವು ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಇಲ್ಲಿ ಒಂದು ಜಡೆಯದು ಏನೂ ತಪ್ಪಿರಲಿಲ್ಲ. ನಾಗಮಣಿಯ ಜಡೆ ಮೊಣಕಾಲು ಮುಟ್ಟುತ್ತಿತ್ತು. ಅವಳು ಕಲೆಸಿದ ಆವಕಾಯಿ ಉಪ್ಪಿನಕಾಯಿಗೆ ನೆಂಟರು ಜಾಡಿ ಹಿಡಿದು ಬರುತ್ತಿದ್ದರು. ಅತ್ತೆಯ ಚಿನ್ನದ ಡಾಬು ಅವಳ ಸೊಂಟವನ್ನೇ ಸೇರಿತ್ತು. ಅವೆಲ್ಲ ಹಾಳಾಗಲಿ ಅನ್ನಿ. ಮಕ್ಕಳಿಲ್ಲದ ಆ ನಾಗಮಣಿಯನ್ನು ಕಂಡರೆ ಸಾಕು, ಪ್ರಸೂನಳ ನಾಲ್ಕು ವರ್ಷದ ಮಗಳು ಬುಜ್ಜಿ ಅಮ್ಮನ ಕೈ ಕೊಡವಿಕೊಂಡು ಓಡುತ್ತಿದ್ದಳು. ಪ್ರಸೂನಳಿಗೆ ಅದನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಮನೆ ನೋಡುವುದರಲ್ಲಿ ಅವಳು ಗಟ್ಟಿಗಿತ್ತಿ. ನಲ್ಲಿಗಳನ್ನೆಲ್ಲ ತಿರುಗಿಸಿ ನೀರಿನ ಬಿರುಸು ನೋಡಿದಳು. ಬೋರ್‌ವೆಲ್ ನೀರು ಎಷ್ಟು ಉಪ್ಪು ಎಂದು ನಾಲಿಗೆಗೆ ಹಚ್ಚಿಕೊಂಡಳು. ಸಮುದ್ರದ ಗಾಳಿಗೆ ಕಿಟಕಿಯ ಸರಳು ತುಕ್ಕು ಹಿಡಿದಿದೆಯೇ ಎಂದು ಉಗುರಿನಲ್ಲಿ ಕೆರೆದಳು, ಗೋಡೆ ತಟ್ಟಿದಳು, ಬಚ್ಚಲಿಗೆ ಬಗ್ಗಿ ಮೋರಿಯ ವಾಸನೆ ಹಿಡಿದಳು. ಮೀಟರ್ ಬೇರೆಯೇ, ಲಿಫ್ಟ್ ಕೆಟ್ಟರೆ ರಿಪೇರಿ ಯಾರದು, ಮೀನು ಮಾಡಬಹುದೇ, ಎಲ್ಲ ಕೇಳಿದಳು. ಮಾಲೀಕ ಅಪ್ಪಲನಾಯುಡು ಎಲ್ಲದಕ್ಕೂ ಹೂಂ ಅಂದ. ಒಂದು ಸಲವೂ ತಲೆಯೆತ್ತಿ ಬಾಗಿಲ ಮೇಲಕ್ಕೆ ನೋಡಲಿಲ್ಲ. ಹಿಂದೆ ಇದ್ದವರು ಯಾರು, ಯಾಕೆ ಬಿಟ್ಟರು? ಮನೆ ಹಿಡಿಯಲು ಹೋದ ದಡ್ಡನೂ ಕೇಳುವ ಮಾತು ಅದು. ಅದನ್ನು ಮಾತ್ರ ಪ್ರಸೂನ ಕೇಳಲಿಲ್ಲ. ಯಾಕೆಂದರೆ ಕೇಳು ಅಂದವಳು ನಾಗಮಣಿ.

ಹಾಲು ಉಕ್ಕಿಸಿದ ದಿನ ಗಂಡ ವೇಣು ಬಾಗಿಲಲ್ಲಿ ನಿಂತು ಕಾಯಿ ನೋಡಿ ಮುಖ ಸಿಂಡರಿಸಿದ. “ಇದನ್ನ ತೆಗೆಸಿ ಹೊಸ ಕಾಯಿ ತರ್ಲೇನೇ?”

“ಅತ್ತಿಗೆ ಹೇಳಿಕೊಟ್ರಾ? ಇದೇ ಇರ್ಲಿ. ನನಗೇನೂ ಆಗಲ್ಲ.”

ಅವಳ ಬಾಲ್ಕನಿಯಿಂದ ಸಮುದ್ರ ಕಾಣುತ್ತಿತ್ತು. ಅವಳು ಮಾತ್ರ ನೋಡುತ್ತಿದ್ದದ್ದು ಕೆಳಕ್ಕೆ. ಮೂರನೇ ಮಹಡಿಯ ಬಾಲ್ಕನಿ ಒಂದು ಮಾರು ಮುಂದಕ್ಕೆ ಚಾಚಿತ್ತು. ಅಲ್ಲಿ ನಾಗಮಣಿಯ ಮಲ್ಲಿಗೆ ಕುಂಡಗಳು ಬಿರಿದು ನಿಂತಿದ್ದವು. ‘ಅಬ್ಬಾ, ಇವಳು ಮುಟ್ಟಿದ್ದೆಲ್ಲ ಹೂವೇ ಆಗಬೇಕಾ!’ ಪ್ರಸೂನಳ ಹೊಟ್ಟೆ ಧಗ್ಗೆಂದಿತು. ಅದೇ ಗಳಿಗೆಗೆ ಬಾಗಿಲ ಕಡೆಯಿಂದ ತೊಟ್ ಎಂದು ಏನೋ ತೊಟ್ಟಿಕ್ಕಿದ ಸದ್ದು. ಕೊಳೆತ ಕಾಯಿಯ ಸಿಹಿನಾತ. ಹೋಗಿ ನೋಡಿದರೆ ನೆಲ ಒಣಗಿತ್ತು. ಕಾಯಿ ಮಾತ್ರ ಕೊಂಚ ದಪ್ಪವಾಗಿತ್ತು.

ಮರುದಿನ ಮಲ್ಲಿಗೆ ಕರಕಲಾಗಿತ್ತು.

ಆಮೇಲೆ ಬಿಸಿಲಿಗಿಟ್ಟ ಆವಕಾಯಿ ಜಾಡಿಗಳ ಮೇಲೆ ಅವಳ ಕಣ್ಣು ಬಿತ್ತು. ಮರುದಿನ ಅವುಗಳ ತುಂಬ ಹುಳು. ನಾಗಮಣಿ ಸೆರಗಿನಲ್ಲಿ ಮೂಗು ಮುಚ್ಚಿಕೊಂಡು ಅವನ್ನು ಹೊರಕ್ಕೆ ಸಾಗಿಸುವುದನ್ನು ಪ್ರಸೂನ ಮೇಲಿನಿಂದ ನೋಡಿದಳು. ಭಯವಾಯಿತೇ ಅಂತ ಕೇಳಿ. ಆಯಿತು. ಆದರೆ ಭಯದ ಅಡಿಯಲ್ಲಿ ಬೆಲ್ಲ ತಿಂದಷ್ಟು ಖುಷಿಯೂ ಆಯಿತು. ಆ ಖುಷಿಗಾಗಿಯೇ ಅವಳು ಮತ್ತೆ ಬಗ್ಗಿ ನೋಡಿದಳು. ನಾಗಮಣಿ ತಲೆಗೆ ಮಿಂದು ಕೂದಲು ಹರವಿಕೊಂಡು ಕೂತಿದ್ದಳು.

ತೊಟ್. ತೊಟ್. ತೊಟ್.

ಆ ವಾರ ಕಳೆದ ಮೇಲೆ ಒಂದು ಮಟಮಟ ಮಧ್ಯಾಹ್ನ ಕರೆಂಟು ಹೋಯಿತು. ಕಿಟಕಿಯಿಲ್ಲದ ಮೆಟ್ಟಿಲ ಓಣಿ ಕಗ್ಗತ್ತಲಾಯಿತು. ಆ ಕತ್ತಲೆಯಿಂದ ನಾಗಮಣಿ ಬಂದು ನಿಂತಳು. ತಲೆಯ ಮೇಲಿನ ಸೆರಗು ಸರಿಸಿದಳು. ಬೋಳು ನೆತ್ತಿ. ಅಲ್ಲಲ್ಲಿ ರಕ್ತ ಒಸರಿದ ಗೀರು.

“ಬೈಯೋಕೆ ಬಂದಿಲ್ಲ ಕಣೇ,” ಅಂದಳು. “ಮಾಲೀಕ ಇವತ್ತು ಕೊನೆಗೂ ಬಾಯಿಬಿಟ್ಟ. ಅದು ದೃಷ್ಟಿ ತಡೆಯೋ ಕಾಯಿ ಅಲ್ಲ. ಬಾನಾಮತಿ ಮಾಡಿಸಿ ಕಟ್ಟಿದ್ದು. ಮನೇಲಿರೋರ ಹೊಟ್ಟೆಕಿಚ್ಚನ್ನೇ ತಗೊಂಡು ಹೋಗಿ ಹೊಡೆಯುತ್ತೆ. ಹಿಂದೆ ಇದ್ದೋಳು ತಂಗಿಗೆ ಅಂತ ಮಾಡಿಸಿದ್ಲು. ತಂಗಿ ಸಂಸಾರ ಮಣ್ಣಾಯ್ತು. ಆಮೇಲೆ ಗಂಡ ಯಾರನ್ನೋ ನೋಡಿ ನಕ್ಕ ಅಂತ ಉರಿದ್ಲು, ಅವನೂ ಹೋದ. ಕೊನೆಗೆ ಅವಳೂ ಸತ್ತುಹೋದ್ಲು. ಇನ್ನು ಬಿಚ್ಚೋ ಕೈ ಎಲ್ಲಿಂದ ಬರಬೇಕು?”

“ಮತ್ತೆ ಇಳಿಸಿ ಬಿಸಾಕೋದು!”

“ಮುಟ್ಟಬೇಡ! ಬೇರೆ ಕೈ ಮುಟ್ಟಿದ್ರೆ ಆ ಮೈಗೇ ಅಂಟಿಕೊಳ್ಳುತ್ತೆ ಅಂತಾರೆ. ಇವತ್ತೇ ಮನೆ ಬಿಡು. ನನ್ನ ಕೂದಲು ಹೋದ್ರೆ ಹೋಗ್ಲಿ. ಮನೇಲಿ ಮಗು ಇದೆ.”

‘ನನ್ನ ಮಗುವಿನ ಚಿಂತೆ ಇವಳಿಗ್ಯಾಕೆ?’ ಪ್ರಸೂನ ತುಟಿ ಕಚ್ಚಿದಳು. ಅಷ್ಟರಲ್ಲಿ ಒಳಗಿನಿಂದ ಬುಜ್ಜಿ ಓಡಿಬಂದಳು. ಬೋಳುತಲೆ ಕಂಡು ಹೆದರಲಿಲ್ಲ. ಎತ್ತಿಕೊಂಡ ನಾಗಮಣಿಯ ಕುತ್ತಿಗೆಗೆ ಜೋತುಬಿದ್ದು ನೆತ್ತಿಗೆ ಮುತ್ತಿಟ್ಟಳು.

“ನನ್ ಕೂದ್ಲು ನಿಂಗೆ ಕೊಡ್ತೀನಿ ದೊಡ್ಡಮ್ಮಾ. ನಾನೂ ನಿಮ್ಮನೆಗೇ ಬರ್ತೀನಿ. ಅಮ್ಮ ಬೇಡ.”

ಅಮ್ಮ ಬೇಡ.

ಪ್ರಸೂನಳ ಹೊಟ್ಟೆಯಿಂದ ಉರಿ ಎದ್ದಿತು. ಗಂಟಲಿಗೆ ಬಂತು. ಕಣ್ಣಿಗೆ ಬಂತು. ಕಣ್ಣು ನೆಟ್ಟಿದ್ದು ನಾಗಮಣಿಯ ಮೇಲಲ್ಲ. ಮುತ್ತಿಟ್ಟ ಮಗಳ ಮೇಲೆ.

ತೊಟ್.

ಬುಜ್ಜಿಯ ಕೈ ಸಡಿಲಿತು. ಬೆರಳ ತುದಿಯಲ್ಲಿ ಬಿಳಿ ಬೂದಿ ಮೂಡಿತು. ಮೊಣಕೈಗೆ ಏರಿತು. ಕುತ್ತಿಗೆಗೆ ಏರಿತು. “ಬುಜ್ಜೀ!” ಪ್ರಸೂನ ನೋಡಿದಳು. ನೋಡಿದಷ್ಟೂ ಬೂದಿ ಹಬ್ಬಿತು. ತುಟಿ ಬೆಳ್ಳಗಾಯಿತು. ಉಸಿರಿಲ್ಲ.

“ಕಣ್ಣು ಮುಚ್ಚೇ! ಮುಚ್ಚು!” ನಾಗಮಣಿ ಕಿರುಚಿದಳು.

ಮುಚ್ಚಿದಳು. ಮಗು ಒಮ್ಮೆ ಕೆಮ್ಮಿತು. ತಡೆಯಲಾರದೆ ತೆರೆದಳು. ಮತ್ತೆ ಉಸಿರು ನಿಂತಿತು.

ಗಟ್ಟಿಯಾಗಿ ಮುಚ್ಚಿದಳು. ಆದರೂ ಉರಿ ಆರಲಿಲ್ಲ. ಆ ಮಗು ಇನ್ನೂ ನಾಗಮಣಿಯ ತೋಳಿನಲ್ಲೇ ಇದೆ ಅನ್ನುವ ಉರಿ. ಮಗುವಿನ ಉಸಿರು ಗೊರಗೊರ ಅನ್ನತೊಡಗಿತು. ಪ್ರಸೂನ ಗೋಡೆ ತಡವಿದಳು. ಅಡುಗೆಮನೆ. ಚಾಕು ಸಿಕ್ಕಿತು. ಕುರ್ಚಿ ಎಳೆದಳು. ಹತ್ತಿದಳು.

“ಬೇಡ ಪ್ರಸೂನಾ! ನಿನಗೇ ಅಂಟಿಕೊಳ್ಳುತ್ತೆ!”

“ಅಂಟಿಕೊಳ್ಳಲಿ!”

ಕಾಯಿ ಬೆಚ್ಚಗಿತ್ತು, ಜ್ವರ ಬಂದ ಮೈಯಷ್ಟು. ಹಗ್ಗ ಕೊಯ್ದಳು. ಧಡ್ ಎಂದು ಬಿದ್ದು ಒಡೆಯಿತು. ಹೇಸಿಗೆ ನಾತ. ಕಾಲ ಮೇಲೆ ತಣ್ಣನೆಯ ಏನೋ ಸಿಡಿಯಿತು. ಉದ್ದನೆಯ ಕೂದಲು ಪಾದಕ್ಕೆ ಸುತ್ತಿಕೊಂಡಿತು. ಮುಚ್ಚಿದ ರೆಪ್ಪೆಗಳ ಸಂದಿಯಿಂದ ಇರುವೆ ಸಾಲಿನಂತೆ ಏನೋ ಒಳಕ್ಕೆ ಹರಿಯಿತು.

ಬುಜ್ಜಿ ಜೋರಾಗಿ ಅತ್ತಳು. ಬದುಕಿದಳು.

ಅವರು ಆ ಮನೆ ಬಿಟ್ಟು ಬೇರೆ ಬಡಾವಣೆಯಲ್ಲಿ ನೆಲದಂತಸ್ತಿನ ಮನೆ ಹಿಡಿದರು. ಆದರೆ ಪ್ರಸೂನಳ ಕಣ್ಣೊಳಗೆ ಸೇರಿದ್ದು ಮನೆ ಬದಲಾಯಿಸಿದರೆ ಹೋಗುವಂಥದ್ದಲ್ಲ. ಅಂದು ಬುಜ್ಜಿಯನ್ನು ಸೇರಿಸಿದ ಆಸ್ಪತ್ರೆಯಲ್ಲೇ ಅದು ಗೊತ್ತಾಗಿತ್ತು. ಬುಜ್ಜಿ ದೊಡ್ಡಮ್ಮನ ಮಡಿಲಲ್ಲಿ ಕೂತು ನಕ್ಕಾಗ ಅವಳು ನೋಡಿಬಿಟ್ಟಳು. ಮಗುವಿನ ಕೆನ್ನೆಗೆ ಬೂದಿ ಬಂತು. ಅಂದಿನಿಂದ ಬುಜ್ಜಿ ನಾಗಮಣಿಯ ಮನೆಯಲ್ಲೇ ಬೆಳೆದಳು. ಭಾನುವಾರಕ್ಕೊಮ್ಮೆ ಬರುವಳು. ಆಗ ಪ್ರಸೂನ ಕಣ್ಣಿಗೆ ಬಟ್ಟೆ ಬಿಗಿದುಕೊಂಡು, ಮಗಳ ಮುಖವನ್ನು ಬೆರಳಲ್ಲಿ ತಡವಿ, ಎಷ್ಟು ಬೆಳೆದಿದ್ದಾಳೆಂದು ಅಂದಾಜು ಮಾಡುವಳು.

ಒಂದು ಭಾನುವಾರ ಬುಜ್ಜಿ “ಅಮ್ಮಾ” ಅಂದಳು.

“ಏನು ಪುಟ್ಟಾ?” ಅಂದಳು ಪ್ರಸೂನ.

“ನಿನ್ನಲ್ಲ,” ಅಂದಿತು ಮಗು, ಏನೂ ಅರಿಯದೆ. “ದೊಡ್ಡಮ್ಮನ್ನ ಕರೆದೆ.”

ನಾಗಮಣಿ ಮಗುವಿನ ಬಾಯಿ ಮುಚ್ಚಿದಳು. ಅಷ್ಟರಲ್ಲಿ ಪ್ರಸೂನಳ ಕೈಯಡಿಯ ಕೆನ್ನೆ ತಣ್ಣಗಾಯಿತು. ಬೆರಳಿಗೆ ನುಣ್ಣನೆಯ ಪುಡಿ ಹತ್ತಿತು. ಕಣ್ಣಿಗೆ ಬಟ್ಟೆ ಇತ್ತು. ಅವಳು ನೋಡಿರಲಿಲ್ಲ. ಬರೀ ಕೇಳಿದ್ದಳು. ಹಾವು ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

“ಅಕ್ಕ, ಭಾವನಿಗೆ ಕಾಕಿನಾಡಕ್ಕೆ ವರ್ಗ ಆಗಿದೆ, ಹೋಗೋದು ಬೇಡ ಅಂತಿದ್ರಲ್ಲ. ಹೋಗಿ. ಇವಳನ್ನ ಕರ್ಕೊಂಡು ಹೋಗಿ. ಮತ್ತೆ ಇಲ್ಲಿಗೆ ಕರ್ಕೊಂಡು ಬರಬೇಡಿ. ಫೋನಲ್ಲೂ ಮಾತಾಡಿಸಬೇಡಿ.”

“ಪ್ರಸೂನಾ, ನೀನು ಹೆತ್ತಿದ್ದಲ್ವೇನೇ...”

“ಹೋಗಿ ಅಕ್ಕ. ಈಗಲೇ.”

ಗೇಟಿನ ಸದ್ದಾಯಿತು. ಆಟೋ ಸದ್ದಾಯಿತು. ಪ್ರಸೂನ ಗೋಡೆಗೆ ಮುಖ ಒತ್ತಿ, ಕಿವಿಗಳನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿಕೊಂಡು ನಿಂತಳು. ಆದರೂ ಕೇಳಿಸಿತು. ಮಗು ಆಟೋ ಹತ್ತುವವರೆಗೂ ದೊಡ್ಡಮ್ಮನಿಗೆ ಏನೋ ಕತೆ ಹೇಳುತ್ತಾ ಹೋಯಿತು. ಒಂದು ಸಲವೂ ಅಳಲಿಲ್ಲ. ಅದಕ್ಕೂ ಅವಳಿಗೆ ಹೊಟ್ಟೆ ಉರಿಯಿತು.