ಎಲ್ಲರೂ ಓದಬಹುದಾದ ಪತ್ರ

“ನೀವೇ ತಾನೆ ಎಫ್ರಾಯಿನ್? ನನ್ನ ಬಾಯಿ ಕಟ್ಟಿಸಿದವರು?”

ಹಯೂಯಾ ಎಂಬ ಬೆಟ್ಟದೂರಿನ ಹವ್ಯಾಸಿ ರೇಡಿಯೋ ಸಂಘದ ಬಾಗಿಲಲ್ಲೇ ಮಿಗ್ದಾಲಿಯಾ ಅವನನ್ನು ತಡೆದು ನಿಲ್ಲಿಸಿದಳು. ಅವನ ಕೈಯಲ್ಲಿದ್ದ ಕಾಫಿ ತುಳುಕಿತು. ತಲೆ ತಗ್ಗಿಸಿ ಒಳಗೆ ನುಸುಳಿದ.

ಚಂಡಮಾರುತಕ್ಕೆ ಫೋನುಗಳೆಲ್ಲ ಸತ್ತಾಗ ಬೆಟ್ಟದ ಜನರ ಇಮೇಲುಗಳನ್ನು ರೇಡಿಯೋದಲ್ಲಿ ಕಳಿಸಿದವಳು ಅವಳು. ಹವ್ಯಾಸಿ ರೇಡಿಯೋದಲ್ಲಿ ಗುಪ್ತಲಿಪಿ ನಿಷಿದ್ಧ; ಕಳಿಸಿದ್ದನ್ನು ಯಾರು ಬೇಕಾದರೂ ಓದುವಂತಿರಬೇಕು. ಬೇಗ ತಲುಪಲೆಂದು ಅವಳು ಕಂಪ್ಯೂಟರಿನಲ್ಲಿ ಕುಗ್ಗಿಸಿ ಕಳಿಸಿದ, ಯಾರಾದರೂ ಬಿಚ್ಚಿ ಓದಬಹುದಾಗಿದ್ದ ಪತ್ರಗಳು ಎಫ್ರಾಯಿನ್‌ಗೆ ಬರೀ ಗೋಜಲಾಗಿ ಕಂಡವು. ಗುಪ್ತಲಿಪಿಯೆಂದು ಸರ್ಕಾರಕ್ಕೆ ದೂರು ಕೊಟ್ಟ. ಅವಳದು ತಪ್ಪಿಲ್ಲ ಎಂದು ತೀರ್ಮಾನವಾಗುವಷ್ಟರಲ್ಲಿ ಆರು ತಿಂಗಳು ಅವಳ ರೇಡಿಯೋ ಮೂಕವಾಗಿತ್ತು. ಊರವರ ಬಾಯಲ್ಲಿ ಅವಳು ‘ಕಳ್ಳಸಾಗಣೆಯವಳು’ ಆಗಿದ್ದಳು.

‘ನಿನಗೂ ಅದೇ ರುಚಿ ತೋರಿಸ್ತೀನಿ...’ ಎಂದುಕೊಂಡು ಅವಳು ಸಂಘದ ಬಾಗಿಲಿಂದ ಹೊರಟಳು.

ಅಂದಿನಿಂದ, ಅವನೂ ಬೆಟ್ಟದ ಜನರಿಗಾಗಿ ರೇಡಿಯೋದಲ್ಲಿ ಕಳಿಸುತ್ತಿದ್ದ ಪತ್ರಗಳನ್ನು ಹಿಡಿದು, ಬಿಚ್ಚಿ ಓದತೊಡಗಿದಳು. ಯಾರದೋ ಔಷಧಿ, ಯಾರದೋ ಹೆರಿಗೆ. ಪ್ರತಿ ಪತ್ರದ ಕೊನೆಗೆ ಅವನದೇ ಒಂದು ಸಾಲು: ‘ಅಜ್ಜಿ ಎರಡು ಸಲ ಅನ್ನ ಹಾಕಿಸಿಕೊಂಡರು, ಗಾಬರಿ ಬೇಡ.’ ಓದಿ ನಗು ಬರುತ್ತಿತ್ತು. ನಕ್ಕಿದ್ದಕ್ಕೆ ಇನ್ನಷ್ಟು ಸಿಟ್ಟು ಬರುತ್ತಿತ್ತು.

ನಲವತ್ತನೆಯ ದಿನ ಅವಳಿಗೆ ಬೇಕಾದ ಪತ್ರ ಸಿಕ್ಕಿತು. 212, 180, 95, 240... ಒಂದು ಅಕ್ಷರವೂ ಇಲ್ಲ.

ದೂರು ಬರೆದುಕೊಂಡು ಅವನ ಮನೆಗೇ ಹೋದಳು. “ಕೊಡೋ ಮುಂಚೆ ನಿಮ್ಮ ಮುಖ ನೋಡ್ಬೇಕಿತ್ತು. ಏನಿದು ಗುಪ್ತಲಿಪಿ?”

ಒಳಗಿಂದ ಅವನ ತಾಯಿ ಬಂದರು. ಹಾಳೆ ನೋಡಿ, ಸೂಜಿ ಚುಚ್ಚಿದ ಗುರುತಿದ್ದ ಬೆರಳೆತ್ತಿ ತೋರಿಸಿದರು. “ನನ್ನ ಸಕ್ಕರೆ ಕಾಯಿಲೆ ಲೆಕ್ಕ ಕಣಮ್ಮ, ಡಾಕ್ಟರಿಗೆ. ದಿನಾ ಚುಚ್ಚಿಸ್ಕೊಳ್ಳೋಳು ನಾನು, ದೂರು ಅವನ ಮೇಲಾ?”

ಮಿಗ್ದಾಲಿಯಾಳ ಮುಖ ಬಾಡಿತು. ‘ಅರ್ಥವಾಗದ್ದನ್ನೆಲ್ಲ ಕಳ್ಳತನ ಅಂದುಕೊಂಡೆನಲ್ಲ... ಇವನ ಹಾಗೇ.’

ತಾಯಿ ಒಳಗೆ ಹೋದ ಮೇಲೆ ಅವನನ್ನು ಮೆಲ್ಲಗೆ ಕೇಳಿದಳು, “ಅವತ್ತು ಕ್ಷಮೆ ಕೇಳೋಕೆ ನಾಲಿಗೆ ಬರ್ಲಿಲ್ವಾ?”

“ನಿಮ್ಮೆದುರು ಬರ್ಲಿಲ್ಲ. ಪತ್ರ ಬರೆದಿದೀನಿ. ಕಳಿಸಿದ್ರೆ ಬೆಟ್ಟವೆಲ್ಲ ಓದುತ್ತೆ... ಬರೀ ಕ್ಷಮೆ ಆಗಿದ್ರೆ ಕಳಿಸ್ತಿದ್ದೆ.”

“ಇನ್ನೇನಿದೆ?”

“ದಿನಾ ಬೆಳಿಗ್ಗೆ ರೇಡಿಯೋದಲ್ಲಿ ಕೇಳ್ತಿದ್ದ ನಿಮ್ಮ ದನಿ... ಅದಿಲ್ಲದ ಆರು ತಿಂಗಳು ನಾನು ಹೇಗಿದ್ದೆ ಅನ್ನೋದು.”

ಅವಳು ಒಳಗೆ ಬಂದು ಅವನ ರೇಡಿಯೋ ಮುಂದೆ ಕುರ್ಚಿ ಎಳೆದಿಟ್ಟಳು. “ಕೂತ್ಕೊಳ್ಳಿ. ಕಳಿಸಿ.”

“ಎಲ್ರೂ ಓದ್ತಾರೆ.”

“ನನ್ನ ಹೆಸರು ಕೆಟ್ಟಾಗ ಎಲ್ರಿಗೂ ಗೊತ್ತಾಯ್ತಲ್ಲ? ಇದೂ ಗೊತ್ತಾಗ್ಲಿ.”

ಅವನು ಕೂತು ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟ. “ನಿಮ್ಮ ಹೆಸರು ಪೂರ್ತಿ ಹಾಕ್ಲಾ?”

“ಹಾಕು,” ಎಂದಳು ಅವನ ಹೆಗಲ ಮೇಲೆ ಕೈಯಿಟ್ಟು. “ಮುಚ್ಚಿಟ್ರೆ ದೂರು ಕೊಡ್ತೀನಿ.”