ಶಾರದೆಯ ಎದುರು ಒಂದು ಜೆರಾಕ್ಸ್

2025ರ ಸೆಪ್ಟೆಂಬರ್ 30, ಬೆಳಿಗ್ಗೆ ಒಂಬತ್ತಕ್ಕೆ ಬ್ರಹ್ಮಾವರ ಠಾಣೆಗೆ ದೂರು ಬಂತು. ದೂರುದಾರೆ ನೀಮಾ, ತಾಂಜಾನಿಯಾದವಳು, ಇಲ್ಲಿ ನರ್ಸಿಂಗ್ ಓದುತ್ತಿದ್ದಳು. ಅಕ್ಕನ ಮದುವೆಗೆ ಊರಿಗೆ ಹೊರಟಿದ್ದಳು. ಅಂದು ಸಂಜೆಯೇ ಮುಂಬೈ ಬಸ್ಸು. ವೀಸಾ ಇದ್ದ ಪಾಸ್‌ಪೋರ್ಟ್ ಕಪಾಟಿನಿಂದ ಮಾಯವಾಗಿತ್ತು.

ಎಸ್‌ಐ ಗೋವರ್ಧನ ಎಫ್‌ಐಆರ್‌ಗೆ ಅವಸರ ಮಾಡಲಿಲ್ಲ. ಕಳೆದಿದೆ ಎಂದು ರಾಯಭಾರ ಕಚೇರಿಗೆ ತಿಳಿಸಿದರೆ ಪಾಸ್‌ಪೋರ್ಟ್ ರದ್ದು. ಹೊಸದು ಬಂದು, ವಾಪಸು ಬರಲು ಹೊಸ ವೀಸಾ ಸಿಗುವಷ್ಟರಲ್ಲಿ ಮದುವೆಯೂ ಇಲ್ಲ, ಪರೀಕ್ಷೆಯೂ ಇಲ್ಲ. ಮೊದಲು ಕೋಣೆ ನೋಡೋಣ ಎಂದು ಹೆಡ್ ಕಾನ್‌ಸ್ಟೆಬಲ್ ಚಂದಯ್ಯನನ್ನು ಕರೆದುಕೊಂಡು ಜೀಪು ಹತ್ತಿದರು.

ನೀಮಾ ಬಾಡಿಗೆಗೆ ಇದ್ದದ್ದು ಬೆಳ್ಳಿಯಮ್ಮನ ಮಾಳಿಗೆಯಲ್ಲಿ. ಹಂಗಾರಕಟ್ಟೆಯಿಂದ ಮೀನು ತಂದು ಪೇಟೆಯಲ್ಲಿ ಮಾರುವ ಬೆಳ್ಳಿಯಮ್ಮ ಯಾವ ಗಿರಾಕಿಗೂ ಮಾತಿನಲ್ಲಿ ಸೋತವರಲ್ಲ. ಅಂದು ಮಾತ್ರ ಪಾಸ್‌ಪೋರ್ಟ್ ಕಂಡಿಲ್ಲ ಎಂದಷ್ಟೇ ಹೇಳಿ ಚಾ ಮಾಡಲು ಒಳಗೆ ಹೋದರು. ಚಂದಯ್ಯನಿಗೆ ಅದೇ ಅನುಮಾನ ತಂದಿತು.

ಕೋಣೆಯ ತಪಾಸಣೆ ನಡೆಯಿತು. ಬೀಗ ಮುರಿದಿಲ್ಲ. ಲ್ಯಾಪ್‌ಟಾಪ್ ಇದೆ, ಪರ್ಸ್ ಇದೆ. ಓದುವ ಮೇಜು ಖಾಲಿ.

"ಪುಸ್ತಕ ಎಲ್ಲಿ?" ಎಂದರು ಗೋವರ್ಧನ.

ನಿನ್ನೆ ಬೆಳ್ಳಿಯಮ್ಮ ಪೂಜೆಗೆ ಕೊಂಡುಹೋದರು ಎಂದಳು ನೀಮಾ.

ಗೋವರ್ಧನರಿಗೆ ನಗು ಬಂತು. ಅವರ ಮಗಳ ಪುಸ್ತಕಗಳೂ ನಿನ್ನೆಯಿಂದ ದೇವರ ಕೋಣೆ ಸೇರಿದ್ದವು. ನವರಾತ್ರಿಯಲ್ಲಿ ಶಾರದೆಗೆ ಇಟ್ಟದ್ದನ್ನು ವಿಜಯದಶಮಿಯವರೆಗೆ ಮುಟ್ಟುವಂತಿಲ್ಲ ಎಂದು ಹುಡುಗಿ ಮೊಬೈಲ್ ಹಿಡಿದು ಆರಾಮಾಗಿ ಕೂತಿದ್ದಳು.

ಕೆಳಗೆ ದೇವರ ಎದುರು ರೇಷ್ಮೆ ಸೀರೆ ಹೊದಿಸಿದ ಪುಸ್ತಕದ ರಾಶಿಯಿತ್ತು.

"ಬೆಳ್ಳಕ್ಕ, ಇದ್ರ ಅಡಿಗೆ ಎಂತ ಇತ್ತ್?" ಎಂದು ಕೇಳಿದರು ಗೋವರ್ಧನ.

"ಪುಸ್ತಕ."

"ಮತ್ತೆ?"

ಬೆಳ್ಳಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. "ಹೋದ್ವರ್ಷ ಗ್ರೇಸ್ ಹೀಂಗೇ ರಜೆಗೆ ಹೋದವ್ಳ್ ವಾಪಾಸ್ ಬರ್ಲೇ ಇಲ್ಲ. ಪಾಸ್‌ಪೋರ್ಟ್ ಶಾರದೆ ತಾಯಿ ಎದ್ರ್ ಇಟ್ರೆ ಇವ್ಳ್ ಬತ್ಲ್ ಅಂದೇಳಿ ಇಟ್ಟೆ. ಈಗ ನಡುವಲ್ ತೆಗುಕಾಗ ಸಾರ್, ಇವ್ಳ ಓದ್ ಹಾಳಾತ್ತ್."

ಗ್ರೇಸ್ ಮಲಾವಿಯ ಹುಡುಗಿ, ಹಿಂದೆ ಇದೇ ಮಾಳಿಗೆಯಲ್ಲಿದ್ದವಳು. ಊರಲ್ಲಿರುವಾಗಲೇ ವೀಸಾ ಅವಧಿ ಮುಗಿದಿತ್ತು. ಅವಳ ಕುಕ್ಕರ್, ಕೊಡೆ ಇನ್ನೂ ಅಟ್ಟದಲ್ಲಿದ್ದವು. ನೀಮಾ ಹೊರಡುವುದು ದಸರಾ ಕಳೆದ ಮೇಲೆ ಎಂದು ಬೆಳ್ಳಿಯಮ್ಮ ತಿಳಿದಿದ್ದರು. ಇವತ್ತೇ ಎಂದು ಗೊತ್ತಾದಾಗ ಹೆದರಿ ಸುಳ್ಳು ಹೇಳಿದ್ದರು.

ಗೋವರ್ಧನ ನೀಮಾಳತ್ತ ಕೈ ತೋರಿಸಿದರು. "ಅಸಲು ಇವ್ಳಿಗೆ ಬೇಕ್. ತಾಯಿಗೆ ಜೆರಾಕ್ಸ್ ಇಟ್ರೆ ಆತ್ತಾ?"

"ಸೀಲ್ ಹಾಕ್ತ್ರಿಯಾ?"

"ಹಾಕ್ತೆ."

ನೀಮಾಳ ಬ್ಯಾಗಿನಲ್ಲಿ ಜೆರಾಕ್ಸ್ ಕಟ್ಟೇ ಇತ್ತು. ಚಂದಯ್ಯ ಠಾಣೆಯಿಂದ ಸೀಲ್ ತಂದರು. ಬೆಳ್ಳಿಯಮ್ಮ ಕೈಮುಗಿದು ಪಾಸ್‌ಪೋರ್ಟ್ ತೆಗೆದರು, ಗೋವರ್ಧನ ಅಸಲಿಗೆ ಹೋಲಿಸಿ ಸಹಿ ಹಾಕಿದರು, ನಕಲು ಸೀರೆಯ ಅಡಿ ಸೇರಿತು. ಆರೋಪಿಯನ್ನು ಹಿಡಿದವಳು ನೀಮಾ. ಎರಡೂ ಕೈಯಿಂದ ತಬ್ಬಿಹಿಡಿದವಳು ಬಸ್ಸಿನ ಹೊತ್ತಿನವರೆಗೂ ಬಿಡಲಿಲ್ಲ. ಎಫ್‌ಐಆರ್ ಆಗಲಿಲ್ಲ.

ನವೆಂಬರ್ 3ಕ್ಕೆ ನೀಮಾ ವಾಪಸು ಬಂದಳು. ಮರುದಿನ ಬೆಳ್ಳಿಯಮ್ಮ ಠಾಣೆಗೆ ಬಂದು, ಕುಂಕುಮ ಹತ್ತಿದ ಆ ನಕಲನ್ನು ಮೇಜಿನ ಮೇಲಿಟ್ಟರು. ಜೊತೆಗೆ ಇನ್ನೊಂದು ಹಳೆಯ ಹಾಳೆ: ಬಾಡಿಗೆಗೆ ಬರುವಾಗ ಗ್ರೇಸ್ ಕೊಟ್ಟಿದ್ದ ಪಾಸ್‌ಪೋರ್ಟ್ ಜೆರಾಕ್ಸ್.

"ಸಾರ್, ಇದ್ಕೂ ಒಂದ್ ಸೀಲ್."

ಅಸಲು ನೋಡದೆ ಸೀಲ್ ಹಾಕುವಂತಿಲ್ಲ. ಗೋವರ್ಧನ ಸೀಲ್ ಬದಿಗಿಟ್ಟು ಬೆಳ್ಳಿಯಮ್ಮನಿಗೆ ಕುರ್ಚಿ ಎಳೆದು ಕೊಟ್ಟರು.

"ಅವ್ಳ್ ಫೋನ್ ನಂಬ್ರ ಕೊಡಿ ಬೆಳ್ಳಕ್ಕ. ಅಸಲು ಇಲ್ಲಿಗೆ ಬಪ್ಪ ದಾರಿ ಕಾಂಬ."